ಅಮೆರಿಕದ ಕಮ್ಯುನಿಟಿ ಕಾಲೇಜು: ಮೂರನೇ ವರ್ಷದ ಲೆಕ್ಕ ಹಾಕಿ ಅರ್ಜಿ ಹಾಕಿ

ಕಮ್ಯುನಿಟಿ ಕಾಲೇಜು ಅಂದರೆ ಅಮೆರಿಕದ ಎರಡು ವರ್ಷದ ಕಾಲೇಜು, ಹೆಚ್ಚಿನವು ಸರ್ಕಾರಿ. ಸುಮಾರು 60 ಯೂನಿಟ್ (ಪಾಠದ ಪ್ರಮಾಣ ಅಳೆಯುವ ಕ್ರೆಡಿಟ್) ಓದಿದರೆ ಅಸೋಸಿಯೇಟ್ ಪದವಿ ಸಿಗುತ್ತದೆ. ಆ ಯೂನಿಟ್‌ಗಳ ಮೇಲೆ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರಬಹುದು. ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆ ಬೇಡ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 5.5 ಅಥವಾ 6 ಬಂದರೆ ಬಹಳಷ್ಟು ಕಾಲೇಜುಗಳಿಗೆ ಸಾಕು. ದಾವಣಗೆರೆ, ಚಿತ್ರದುರ್ಗದ ಸಾಧಾರಣ ಅಂಕದ ಪಿಯು ವಿದ್ಯಾರ್ಥಿಗೂ ಸೀಟು ಸಿಗುತ್ತದೆ. ಕಷ್ಟ ಶುರುವಾಗುವುದು ಸೀಟು ಸಿಕ್ಕ ಮೇಲೆ. ಅಸೋಸಿಯೇಟ್ ಪದವಿಯೊಂದನ್ನೇ ಹಿಡಿದು ವಾಪಸ್ ಬಂದರೆ ಇಲ್ಲಿ ಅದು ಬಿ.ಎಸ್ಸಿಗೂ ಬಿ.ಇ.ಗೂ ಸಮ ಅಲ್ಲ. ಹಾಗಾಗಿ ಎರಡು ವರ್ಷದ ಯೋಜನೆ ಹಾಕಿಕೊಂಡು ಹೊರಡಬೇಡಿ, ನಾಲ್ಕು ವರ್ಷದ್ದು ಹಾಕಿ.

ದುಡ್ಡಿನ ಲೆಕ್ಕದಿಂದ ಶುರು ಮಾಡೋಣ. ಕ್ಯಾಲಿಫೋರ್ನಿಯಾದ ಕಾಲೇಜುಗಳಲ್ಲಿ ಯೂನಿಟ್‌ಗೆ 46 ಡಾಲರ್ ಎಂದು ಬರೆದಿರುವುದು ಕಾಣುತ್ತದೆ. ಅದು ಆ ರಾಜ್ಯದ ನಿವಾಸಿಗಳಿಗೆ. ವಿದೇಶಿ ವಿದ್ಯಾರ್ಥಿಗೆ ಸಾಮಾನ್ಯವಾಗಿ ಯೂನಿಟ್‌ಗೆ 300ರಿಂದ 450 ಡಾಲರ್ ಬೀಳುತ್ತದೆ. ವರ್ಷಕ್ಕೆ 30 ಯೂನಿಟ್ ಹಿಡಿದರೆ ಬೋಧನಾ ಶುಲ್ಕವೇ 9,000ದಿಂದ 13,500 ಡಾಲರ್. ಮನೆ ಬಾಡಿಗೆ, ಊಟ, ಕಡ್ಡಾಯ ಆರೋಗ್ಯ ವಿಮೆ, ಪುಸ್ತಕ ಸೇರಿದರೆ ವರ್ಷಕ್ಕೆ 25,000ದಿಂದ 35,000 ಡಾಲರ್ ಮುಟ್ಟುತ್ತದೆ. ಬಹುತೇಕ ಕಮ್ಯುನಿಟಿ ಕಾಲೇಜುಗಳಿಗೆ ಹಾಸ್ಟೆಲ್ ಇಲ್ಲ ಎಂಬುದನ್ನೂ ಈ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಮೂರನೇ ವರ್ಷಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ, ಅಂದರೆ ಯುಸಿಗೆ, ಹೋದರೆ ವಿದೇಶಿ ವಿದ್ಯಾರ್ಥಿಯ ಒಟ್ಟು ಖರ್ಚು ವರ್ಷಕ್ಕೆ 70,000 ಡಾಲರ್ ದಾಟುತ್ತದೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗಳು ಅದಕ್ಕಿಂತ ಸಾಕಷ್ಟು ಅಗ್ಗ. ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಅದರಲ್ಲಿ ಊಟದ ಖರ್ಚು ಹುಟ್ಟಬಹುದು, ಫೀಸು ಹುಟ್ಟುವುದಿಲ್ಲ. ಎರಡು ವರ್ಷ ಹೇಗೋ ದಾಟಿಸಿ ಆಮೇಲೆ ನೋಡೋಣ ಎಂದುಕೊಂಡು ಮಗನನ್ನೋ ಮಗಳನ್ನೋ ಕಳಿಸುವುದು ಆ ಮಕ್ಕಳಿಗೇ ಅನ್ಯಾಯ.

ಕಾಲೇಜು ಆರಿಸುವುದು ಹಿಂದಿನಿಂದ ಮುಂದಕ್ಕೆ

ಮೊದಲು ಎಲ್ಲಿ ಪದವಿ ಮುಗಿಸಬೇಕು ಎಂದು ತೀರ್ಮಾನಿಸಿ, ಆಮೇಲೆ ಅಲ್ಲಿಗೆ ದಾರಿ ಇರುವ ಕಮ್ಯುನಿಟಿ ಕಾಲೇಜು ಹುಡುಕಿ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆಂದೇ 'ಅಸಿಸ್ಟ್' ಎಂಬ ಸಾರ್ವಜನಿಕ ಜಾಲತಾಣವಿದೆ. ಕಾಲೇಜು, ವಿಶ್ವವಿದ್ಯಾಲಯ, ವಿಷಯ ಮೂರನ್ನೂ ಕೊಟ್ಟರೆ ಇಲ್ಲಿಯ ಯಾವ ಪಾಠ ಅಲ್ಲಿಯ ಯಾವುದಕ್ಕೆ ಸಲ್ಲುತ್ತದೆ ಎಂಬ ಪಟ್ಟಿ ಬರುತ್ತದೆ. ಅದನ್ನು ಮುದ್ರಿಸಿ ಇಟ್ಟುಕೊಳ್ಳಿ. ವೀಸಾ ಸಂದರ್ಶನಕ್ಕೂ ಅದೇ ನಿಮ್ಮ ಬಲ. ಡಿ ಆಂಜಾ, ಸಾಂಟಾ ಮೋನಿಕಾ, ಡಯಾಬ್ಲೊ ವ್ಯಾಲಿ ಕಾಲೇಜುಗಳು ವರ್ಗಾವಣೆಗೆ ಹೆಸರಾದವು.

ಯುಸಿಯ ಆರು ಕ್ಯಾಂಪಸ್‌ಗಳು (ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್) ಟ್ಯಾಗ್ ಎಂಬ ಪ್ರವೇಶ ಖಾತರಿ ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಅದರಲ್ಲಿಲ್ಲ. ಒಂದೇ ಕ್ಯಾಂಪಸ್‌ಗೆ ಕೇಳಬಹುದು, ಅರ್ಜಿ ಸೆಪ್ಟೆಂಬರ್ 1ರಿಂದ 30ರೊಳಗೆ. ಕಂಪ್ಯೂಟರ್ ಸೈನ್ಸ್ ಹಲವು ಕಡೆ ಖಾತರಿಯಿಂದ ಹೊರಗಿದೆ. ನಮ್ಮ ಮಕ್ಕಳು ಹೆಚ್ಚಾಗಿ ಕೇಳುವುದೇ ಆ ವಿಷಯ, ಆದ್ದರಿಂದ ಇದನ್ನು ಮೊದಲೇ ನೋಡಿಕೊಳ್ಳಿ.

ಬಹಳ ಜನ ಎಡವುವುದು ಯೂನಿಟ್ ಲೆಕ್ಕದಲ್ಲಿ. ಟ್ಯಾಗ್ ಅರ್ಜಿ ಹಾಕುವ ಹೊತ್ತಿಗೆ 30 ಸೆಮಿಸ್ಟರ್ ಯೂನಿಟ್ ಮುಗಿದಿರಬೇಕು. ಆಗಸ್ಟ್‌ನಲ್ಲಿ ಸೇರಿ, ಎಫ್-1 ಎಂಬ ವಿದ್ಯಾರ್ಥಿ ವೀಸಾ ಕೇಳುವ ಕನಿಷ್ಠ 12 ಯೂನಿಟ್‌ನಂತೆ ಎರಡು ಸೆಮಿಸ್ಟರ್ ಓದಿದರೆ 24 ಆಗುತ್ತದೆ. ಉಳಿದ 6 ಯೂನಿಟ್ ಬೇಸಿಗೆಯಲ್ಲಿ ಓದಬೇಕು, ಇಲ್ಲವೇ ಸೆಮಿಸ್ಟರ್‌ಗೆ 15ರಂತೆ ಹಿಡಿಯಬೇಕು. ಜನವರಿಯಲ್ಲಿ ಸೇರಿದವರಿಗೆ ಅದೇ ವರ್ಷದ ಸೆಪ್ಟೆಂಬರ್ ತಪ್ಪುತ್ತದೆ, ಸಾಮಾನ್ಯವಾಗಿ ಅರ್ಧ ವರ್ಷದ ಫೀಸು ಹೆಚ್ಚು ಬೀಳುತ್ತದೆ. ಇಂಜಿನಿಯರಿಂಗ್‌ನವರಿಗೆ ಗಣಿತದ ಸರಪಳಿಯೂ ಇದೆ. ಕ್ಯಾಲ್ಕುಲಸ್ ಒಂದು ಮುಗಿಯದೆ ಎರಡಿಲ್ಲ, ಕ್ಯಾಲ್ಕುಲಸ್ ಇಲ್ಲದೆ ಇಂಜಿನಿಯರಿಂಗ್ ಫಿಸಿಕ್ಸ್ ಇಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಅದಕ್ಕೂ ಕೆಳಗಿನ ಪ್ರೀ-ಕ್ಯಾಲ್ಕುಲಸ್‌ಗೆ ಹಾಕಿಬಿಟ್ಟರೆ ಎರಡು ವರ್ಷ ಸಾಲದು. ಕ್ಯಾಲ್ಕುಲಸ್‌ನ ಅವಕಲನ, ಅನುಕಲನ ಎರಡನ್ನೂ ದ್ವಿತೀಯ ಪಿಯುನಲ್ಲೇ ಓದಿರುತ್ತೀರಿ. ಪಿಯು ಗಣಿತದ ಸಿಲಬಸ್ ಪ್ರತಿ ಜೊತೆಗಿಟ್ಟುಕೊಂಡು ಕೌನ್ಸೆಲರ್‌ಗೆ ತೋರಿಸಿ.

ಇಲ್ಲಿ ಬಿ.ಇ. ಒಂದು ವರ್ಷ ಓದಿ ಬಿಟ್ಟವರು ಅದನ್ನು ಮುಚ್ಚಿಡಬಾರದು. ಓದಿದ ಎಲ್ಲ ಕಾಲೇಜುಗಳ ಅಂಕಪಟ್ಟಿಯನ್ನೂ ವಿಶ್ವವಿದ್ಯಾಲಯ ಕೇಳುತ್ತದೆ. ಮುಚ್ಚಿಟ್ಟಿದ್ದು ಗೊತ್ತಾದರೆ ಸಿಕ್ಕ ಪ್ರವೇಶವೂ ರದ್ದಾಗಬಹುದು.

ಪಾಸ್‌ಪೋರ್ಟಿನ ಹೆಸರು

ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ 'ಮಂಜುನಾಥ ಕೆ.ಬಿ.' ಎಂದಿರುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಉಪನಾಮದ ಜಾಗ ಖಾಲಿ ಬಿಟ್ಟು ಇಡೀ ಹೆಸರನ್ನು ಒಂದೇ ಕಡೆ ಹಾಕಿದರೆ, ಅಮೆರಿಕದ ವೀಸಾದಲ್ಲಿ ಆ ಹೆಸರು ಉಪನಾಮದ ಜಾಗಕ್ಕೆ ಹೋಗಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು, ಬೀಳುತ್ತದೆ. ಆಮೇಲೆ ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್, ಕಾಲೇಜಿನ ಗುರುತಿನ ಚೀಟಿ ಎಲ್ಲದರಲ್ಲೂ ಅದೇ ತೊಡಕು. ಇನಿಷಿಯಲ್ ಬಿಡಿಸಿ, ಉಪನಾಮದ ಜಾಗ ತುಂಬಿಯೇ ಪಾಸ್‌ಪೋರ್ಟ್ ಮಾಡಿಸಿ. ಮಾರ್ಕ್ಸ್ ಕಾರ್ಡಿನ ಹೆಸರಿಗೂ ಪಾಸ್‌ಪೋರ್ಟಿಗೂ ಉಳಿಯುವ ವ್ಯತ್ಯಾಸಕ್ಕೆ ನೋಟರಿ ಮಾಡಿಸಿದ ಅಫಿಡವಿಟ್ ಇರಲಿ. ದಾವಣಗೆರೆಯಲ್ಲೇ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರ ಇದೆ. ದ್ವಿತೀಯ ಪಿಯು ಪರೀಕ್ಷೆಗೆ ಮೊದಲೇ, ಡಿಸೆಂಬರ್ ಒಳಗೆ, ಈ ಕೆಲಸ ಮುಗಿಸಿಕೊಳ್ಳಿ.

ಅಡಿಕೆ ದುಡ್ಡನ್ನು ಕಾಗದದಲ್ಲಿ ತೋರಿಸುವುದು

ವೀಸಾಕ್ಕೆ ಬೇಕಾದ ಐ-20 ಎಂಬ ಪ್ರವೇಶ ಪತ್ರ ಕೊಡುವ ಮೊದಲು ಕಾಲೇಜು ಒಂದು ವರ್ಷದ ಖರ್ಚಿಗೆ ಕೈಗೆ ಸಿಗುವ ಹಣ ಕೇಳುತ್ತದೆ: ಉಳಿತಾಯ ಖಾತೆ, ಠೇವಣಿ, ಮಂಜೂರಾದ ಸಾಲ. ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದ ಕಡೆಯ ಮನೆಗಳಲ್ಲಿ ಆಸ್ತಿ ಇದ್ದರೂ ಅದು ತೋಟದಲ್ಲಿರುತ್ತದೆ. ತೋಟದ ಮೌಲ್ಯಮಾಪನ ವರದಿ ಕೈಗೆ ಸಿಗುವ ಹಣ ಅಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ ಕಾರಣ ಐಟಿ ರಿಟರ್ನ್‌ನಲ್ಲೂ ಸಣ್ಣ ಮೊತ್ತ ಕಾಣುತ್ತದೆ. ಅದಕ್ಕೆ ಪಹಣಿ, ಮಂಡಿ ಅಥವಾ ತುಮ್ಕೋಸ್‌ನಂಥ ಸಹಕಾರ ಸಂಘಕ್ಕೆ ಅಡಿಕೆ ಹಾಕಿದ ಮೂರು ವರ್ಷದ ಬಿಲ್ಲು, ಆ ಹಣ ಖಾತೆಗೆ ಬಂದ ಸ್ಟೇಟ್‌ಮೆಂಟ್ ಜೋಡಿಸಿ. ಸ್ಟೇಟ್‌ಮೆಂಟಿನ ಯಾವ ಸಾಲಿಗೆ ಯಾವ ಬಿಲ್ಲು ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ವರ್ಷಕ್ಕೆ ಎರಡು ಸಲ ದೊಡ್ಡ ಮೊತ್ತ ಬಂದು ಬೀಳುವುದು ಅಡಿಕೆಯವರಿಗೆ ಸಹಜ, ಆದರೆ ಬಿಲ್ಲು ಇಲ್ಲದೆ ಅದೇ ಸಾಲು ಕೈಸಾಲ ತಂದು ತುಂಬಿಸಿದಂತೆ ಕಾಣುತ್ತದೆ. ಬ್ಯಾಂಕ್ ಖಾತೆ ಅಜ್ಜನ ಹೆಸರಿನಲ್ಲೋ ದೊಡ್ಡಪ್ಪನ ಹೆಸರಿನಲ್ಲೋ ಇದ್ದರೆ, ಖರ್ಚು ಕೊಡುತ್ತೇನೆಂದು ಅವರದೇ ಸಹಿ ಬೇಕು, ಸಂಬಂಧಕ್ಕೆ ವಂಶವೃಕ್ಷ ಬೇಕು. ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಇರಲಿ.

ಶಿಕ್ಷಣ ಸಾಲಕ್ಕೆ ತೋಟ ಅಡ ಇಡುತ್ತೇವೆ ಎಂದರೆ ಬ್ಯಾಂಕಿನವರು ಹಿಂದೇಟು ಹಾಕುತ್ತಾರೆ. ಸಾಲ ತೀರದಿದ್ದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕು ಜಪ್ತಿ ಮಾಡಲು ಇರುವ ಸರ್ಫೇಸಿ ಕಾಯ್ದೆಯ ವಸೂಲಿಗೆ ಕೃಷಿ ಜಮೀನು ಬರುವುದಿಲ್ಲ, ಕಾರಣ ಅದೇ. ಖಾತೆ ಸರಿಯಿರುವ ಮನೆ, ಅಲಿನೇಷನ್ ಆದ ಸೈಟು ಅಥವಾ ಠೇವಣಿ ಕೇಳುತ್ತಾರೆ. ಸೈಟಿನ ಇ-ಖಾತೆಗೆ ಓಡಾಟ ಬೇಕಾಗುತ್ತದೆ, ಜನವರಿಯಲ್ಲೇ ಶುರು ಮಾಡಿ. ವರ್ಷದಲ್ಲಿ 10 ಲಕ್ಷ ದಾಟಿ ಸ್ವಂತ ದುಡ್ಡು ಕಳಿಸಿದರೆ ಬ್ಯಾಂಕು ಮೊದಲೇ ತೆರಿಗೆ (ಟಿಸಿಎಸ್) ಹಿಡಿಯುತ್ತದೆ, ರಿಟರ್ನ್ ಹಾಕಿದಾಗ ಹೊಂದಾಣಿಕೆಯಾಗುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ ಅದಿಲ್ಲ.

ವೀಸಾ

ಐ-20 ಬಂದ ಮೇಲೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ) ಶುಲ್ಕ 350 ಡಾಲರ್, ಡಿಎಸ್-160 ಎಂಬ ವೀಸಾ ಅರ್ಜಿ, ವೀಸಾ ಶುಲ್ಕ 185 ಡಾಲರ್, ಆಮೇಲೆ ಸಂದರ್ಶನದ ದಿನಾಂಕ. ನಮ್ಮವರು ಹೆಚ್ಚಾಗಿ ಹೋಗುವುದು ಚೆನ್ನೈ ಅಥವಾ ಹೈದರಾಬಾದ್‌ಗೆ. ಐದು ವರ್ಷದಲ್ಲಿ ಬಳಸಿದ ಸೋಷಿಯಲ್ ಮೀಡಿಯಾ ಖಾತೆಗಳನ್ನೆಲ್ಲ ಡಿಎಸ್-160ಯಲ್ಲಿ ಬರೆಯಬೇಕು. 2025ರ ಜೂನ್‌ನಿಂದ ಅವು ಸಾರ್ವಜನಿಕವಾಗಿ ತೆರೆದಿರಬೇಕು. ಅರ್ಜಿಯನ್ನು ಏಜೆಂಟ್ ತುಂಬಿದರೂ ಪ್ರತಿ ಸಾಲನ್ನೂ ನೀವೇ ಓದಿ. ಅದರಲ್ಲಿನ ಸುಳ್ಳಿಗೆ ಹೊಣೆ ನೀವೇ.

ಕಮ್ಯುನಿಟಿ ಕಾಲೇಜೇ ಏಕೆ ಎಂದು ಅಧಿಕಾರಿ ಕೇಳೇ ಕೇಳುತ್ತಾರೆ. ಓದುವ ನೆಪದಲ್ಲಿ ಅಲ್ಲೇ ಉಳಿಯುವ ಯೋಚನೆ ಇದೆಯೇ ಎಂಬ ಅನುಮಾನ ಆ ಪ್ರಶ್ನೆಯ ಹಿಂದಿರುತ್ತದೆ. 'ಖರ್ಚು ಕಡಿಮೆ' ಎಂದಷ್ಟೇ ಹೇಳಿ ನಿಂತರೆ ಸಾಲದು. 'ಎರಡು ವರ್ಷ ಡಯಾಬ್ಲೊ ವ್ಯಾಲಿಯಲ್ಲಿ ಗಣಿತ, ಫಿಸಿಕ್ಸ್ ಮುಗಿಸಿ ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿಗೆ ಮೆಕ್ಯಾನಿಕಲ್‌ಗೆ ಹೋಗುತ್ತೇನೆ. ನಾಲ್ಕು ವರ್ಷದ ಖರ್ಚು ಇಷ್ಟು, ಇದರಲ್ಲಿ ತಂದೆಯ ಠೇವಣಿ ಇಷ್ಟು, ಸಾಲ ಇಷ್ಟು' ಎಂಬ ಮಾತು ಇಂಗ್ಲಿಷಿನಲ್ಲಿ ನಿಮ್ಮದೇ ಬಾಯಿಂದ ಬರಬೇಕು. ಬಾಯಿಪಾಠ ಮಾಡಿದ್ದು ಎರಡನೇ ಪ್ರಶ್ನೆಗೇ ಬಯಲಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ವ್ಯಾಕರಣದ ಭಯ ಬಿಟ್ಟು, ಮೊತ್ತಗಳನ್ನೂ ವಿಷಯದ ಹೆಸರುಗಳನ್ನೂ ಸ್ಪಷ್ಟವಾಗಿ ಹೇಳುವುದನ್ನು ರೂಢಿಸಿಕೊಳ್ಳಲಿ.

ಐ-20ಯಲ್ಲಿರುವ ಪ್ರಾರಂಭ ದಿನಕ್ಕೆ 30 ದಿನ ಮೊದಲು ಮಾತ್ರ ಅಮೆರಿಕ ಪ್ರವೇಶಿಸಬಹುದು. ಇಳಿದ ಕೂಡಲೇ ಕಾಲೇಜಿನ ವಿದೇಶಿ ವಿದ್ಯಾರ್ಥಿ ವಿಭಾಗಕ್ಕೆ ಹೋಗಿ ಹಾಜರಿ ಹಾಕಿ. 12 ಯೂನಿಟ್‌ನ ಲೆಕ್ಕಕ್ಕೆ ಸೆಮಿಸ್ಟರ್‌ಗೆ ಒಂದೇ ಆನ್‌ಲೈನ್ ತರಗತಿ ಸಲ್ಲುತ್ತದೆ. ಪಾಠ ಕಷ್ಟವೆನಿಸಿ ಬಿಡಬೇಕೆಂದಿದ್ದರೆ ಕಂಪ್ಯೂಟರಿನಲ್ಲಿ 'ಡ್ರಾಪ್' ಒತ್ತುವ ಮೊದಲು ಆ ವಿಭಾಗದ ಅನುಮತಿ ಪಡೆಯಿರಿ. ಅನುಮತಿ ಇಲ್ಲದೆ 12ರ ಕೆಳಗೆ ಇಳಿದರೆ ಎಫ್-1 ಸ್ಥಾನ ಹೋಗುತ್ತದೆ.