ಹಲಸಿನ ಡ್ರಾಯರಿಗೆ ಕೈಯಲ್ಲೇ ಕೊಯ್ದ ಡವ್‌ಟೇಲ್

ಹಲಸಿಗೆ ಡವ್‌ಟೇಲ್ (ಒಂದು ಹಲಗೆಯ ಪಾರಿವಾಳದ ಬಾಲದಂಥ ‘ಟೇಲು’ಗಳು ಇನ್ನೊಂದರ ‘ಪಿನ್ನು’ಗಳ ನಡುವೆ ಸಿಕ್ಕಿ ಕೂರುವ ಮೂಲೆಯ ಕೂಡಿಕೆ) ಒಗ್ಗುವುದಿಲ್ಲ, ಎಳೆ ತಿರುಚಿಕೊಂಡಿರುವುದರಿಂದ ಪಿನ್ನು ಚಕ್ಕೆಯೇಳುತ್ತದೆ, ಫೆವಿಕಾಲ್ ಹಚ್ಚಿ ಮೊಳೆ ಹೊಡೆದರೆ ಸಾಕು ಎಂದು ಸಾಗರದ ಕಡೆಯ ಬಡಗಿಗಳು ನನಗೆ ಹೇಳುತ್ತಲೇ ಬಂದಿದ್ದರು. ಅದೇ ಮರದಲ್ಲಿ ಒಂದೂ ಮೊಳೆಯಿಲ್ಲದೆ ನಾನು ಮಾಡಿದ ಡ್ರಾಯರುಗಳು ಮಲೆನಾಡಿನ ಹಲವು ಮಳೆಗಾಲ ಕಂಡ ಮೇಲೂ ಮೂಲೆ ಬಿಟ್ಟಿಲ್ಲ.

ಮೊದಲು ದುಡ್ಡು ಸುರಿದದ್ದು ರೂಟರಿಗೆ, ಅಂದರೆ ತಿರುಗುವ ಬಿಟ್ಟಿನಿಂದ ಮರ ಕೊರೆಯುವ ಯಂತ್ರಕ್ಕೆ. ಅದಕ್ಕೆ ದಾರಿ ತೋರುವ ಅಚ್ಚು, ಜಿಗ್, ಸೇರಿ ಹದಿನೆಂಟು ಸಾವಿರದ ಆಸುಪಾಸು ಹೋಯಿತು. ಹಿಂದೆ ಆಸರೆಯ ಹಲಗೆ ಕಟ್ಟಿದರೂ, ಎಳೆ ತಿರುಗಿದಲ್ಲೆಲ್ಲ ಬಿಟ್ ಹೊರಬರುವ ಅಂಚು ಕಿತ್ತು ಬರುತ್ತಿತ್ತು, ಹಾಗೆ ಕೆಟ್ಟ ಹಲಗೆಯ ಬೆಲೆಯೇ ಆರೇಳು ಸಾವಿರವಾಗಿರಬೇಕು. ಅಲ್ಲದೆ ಬಿಟ್ಟಿನ ಕಾಲಿಂಚು ದಪ್ಪದ ದಂಡು (ಶ್ಯಾಂಕ್) ತೂರಲೇಬೇಕಾದ್ದರಿಂದ ಟೇಲುಗಳ ನಡುವಿನ ಸಂದು ಅದಕ್ಕಿಂತ ಕಿರಿದಾಗುವುದಿಲ್ಲ. ತೆಳು ಪಿನ್ನಿನ ಅಂದ ಯಂತ್ರಕ್ಕೆ ದಕ್ಕದು.

ಕೊನೆಗೆ ಕೈಹಿಡಿದದ್ದು ಎಳೆದು ಕೊಯ್ಯುವ ಜಪಾನಿ ಡೋಜುಕಿ ಗರಗಸ. ಬೆಲೆ ಮೂರು ಸಾವಿರದೊಳಗೆ, ಕೊಯ್ತದ ದಪ್ಪ ಸುಮಾರು 0.3 ಮಿಲಿಮೀಟರ್. ಎರಡೂ ಪಕ್ಕದ ಹಲಗೆಗಳನ್ನು ಜೋಡಿಸಿ ಬಿಗಿದು ಟೇಲುಗಳನ್ನು 1:7ರ ಓರೆಯಲ್ಲಿ (ಏಳು ಪಾಲು ಉದ್ದಕ್ಕೆ ಒಂದು ಪಾಲು ವಾಲಿಕೆ) ಒಟ್ಟಿಗೇ ಕೊಯ್ಯುತ್ತೇನೆ. ಟೇಲಿನ ಒಳಮುಖದಲ್ಲಿ ಅರ್ಧ ಮಿಲಿಮೀಟರಿನಷ್ಟು ಮೆಟ್ಟಿಲು ತೋಪಡದಿಂದ ಕೀಸಿದರೆ, ಪಿನ್ನಿನ ಗುರುತು ಹಾಕುವಾಗ ಹಲಗೆ ಅಲುಗದೆ ಕೂರುತ್ತದೆ. ಗುರುತಿಗೆ ಪೆನ್ಸಿಲ್ ಬೇಡ, ಚಾಕುವೇ ಆಗಬೇಕು.

ಪಿನ್ನು ಉಳಿಯುವುದೂ ಮುರಿಯುವುದೂ ಉಳಿಯ ಕೆಲಸದಲ್ಲಿ. ಉಳಿಯನ್ನು ನೇರವಾಗಿ ಗೆರೆಯ ಮೇಲಿಟ್ಟು ಕೊಡತಿಯಿಂದ ಹೊಡೆದರೆ, ಅದರ ಓರೆಮುಖ ಬೆಣೆಯಂತೆ ಒತ್ತಿ ಇಡೀ ಉಳಿಯನ್ನು ಗೆರೆಯಾಚೆಗೆ ತಳ್ಳುತ್ತದೆ. ಆದ್ದರಿಂದ ಗೆರೆಗಿಂತ ಒಂದು ಮಿಲಿಮೀಟರ್ ಈಚೆಗೆ ಇಟ್ಟು, ಎರಡೂ ಮುಖದಿಂದ ಅರ್ಧರ್ಧ ಕೆತ್ತಿ, ಕಡೆಯ ಪದರವನ್ನು ಮಾತ್ರ ಗೆರೆಗೆ ಹಿಡಿದು ಕೈಯೊತ್ತಿನಲ್ಲೇ ಸವರಬೇಕು. ಹಲಸಿಗೆ ಉಳಿಯನ್ನು ಯಾವ ಕೋನಕ್ಕೆ ಸಾಣೆ ಹಿಡಿಯುತ್ತೇನೆಂಬುದನ್ನು, ಕೂಡಿಸುವ ಮುನ್ನ ಟೇಲಿನ ಒಳಬದಿಗೆ ಏನು ಸವರುತ್ತೇನೆಂಬುದನ್ನು ಇಲ್ಲಿ ಬರೆಯುವುದಿಲ್ಲ.

ನಾಲ್ಕೂ ಹಲಗೆಗಳ ಎಳೆ ಪೆಟ್ಟಿಗೆಯ ಸುತ್ತಲೂ ಒಂದೇ ದಿಕ್ಕಿನಲ್ಲಿ ಓಡುವುದರಿಂದ ಮಳೆಗಾಲದಲ್ಲಿ ಎಲ್ಲವೂ ಒಟ್ಟಿಗೆ ಉಬ್ಬುತ್ತವೆ, ಸಂದು ಸಡಿಲವಾಗುವುದಿಲ್ಲ. ಎತ್ತರದಲ್ಲಿ ಎರಡು ಮಿಲಿಮೀಟರ್ ಜಾಗ ಬಿಟ್ಟರೆ ಆಯಿತು. ಅಂಟು ಹಾಕದೆ ಕೂಡಿಸಿದ ಒಂದು ಡ್ರಾಯರಿಗೆ ಕಬ್ಬಿಣದ ಸಾಮಾನು ತುಂಬಿ ವರ್ಷವಿಡೀ ಬಳಸಿ ನೋಡಿದೆ, ಅದೂ ಗಟ್ಟಿಯಾಗಿಯೇ ಇದೆ.

ಈಗ ಮೊಳೆಯ ಡ್ರಾಯರಿಗಿಂತ ಒಂದಕ್ಕೆ ಸುಮಾರು ಒಂಬೈನೂರು ರೂಪಾಯಿ ಹೆಚ್ಚು ಕೇಳುತ್ತೇನೆ, ಚೌಕಾಸಿಗೆ ಒಪ್ಪುವುದಿಲ್ಲ. ಕಾಫಿ ತೋಟದ ಸಿಲ್ವರ್ ಓಕ್ ಮೆದುವಾದ್ದರಿಂದ ಅದಕ್ಕೆ 1:6ರ ಓರೆ ಹಿಡಿದಿದ್ದೇನೆ, ಮೊದಲ ಪೆಟ್ಟಿಗೆ ಈ ಮಳೆಗಾಲಕ್ಕೆ ಹೊರಜಗುಲಿಯಲ್ಲಿರುತ್ತದೆ.