ಆ್ಯಂಟಿವೈರಸ್ ಡಬ್ಬಿ ಕೊಳ್ಳುವ ಮೊದಲು ಮನೆಯ ಕಂಪ್ಯೂಟರ್ ಹೀಗೆ ಭದ್ರಪಡಿಸಿ

ಮಗಳ ಸಿಇಟಿ ಅರ್ಜಿ, ಹೊಲದ ಪಹಣಿ, 371(ಜೆ) ಪ್ರಮಾಣಪತ್ರದ ಸ್ಕ್ಯಾನ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟು, ಮದುವೆ ಫೋಟೊ. ಕಲಬುರಗಿ, ಬೀದರ್, ಯಾದಗಿರಿಯ ಎಷ್ಟೋ ಮನೆಗಳಲ್ಲಿ ಇವೆಲ್ಲ ಇರುವುದು ಒಂದೇ ಕಂಪ್ಯೂಟರಿನಲ್ಲಿ. ಅದು ನಿಧಾನವಾದರೆ, ಪರದೆಯ ಮೂಲೆಯಲ್ಲಿ ಏನೋ ಎಚ್ಚರಿಕೆ ಕಂಡರೆ, ಅಂಗಡಿಗೆ ಹೋಗಿ ಆ್ಯಂಟಿವೈರಸ್ ಡಬ್ಬಿ ತರುವುದು ರೂಢಿ. ಆ ಡಬ್ಬಿ ಬೇಕೋ ಬೇಡವೋ ಎಂಬುದು ಮೂರನೆಯ ಪ್ರಶ್ನೆ. ಅದಕ್ಕೂ ಮೊದಲು ಎರಡು ಪ್ರಶ್ನೆಗಳಿವೆ: ವಿಂಡೋಸ್‌ಗೆ ಇನ್ನೂ ಅಪ್‌ಡೇಟ್ ಬರುತ್ತಿದೆಯೇ? ಅದರೊಳಗೆ ಈಗಾಗಲೇ ಇರುವ ರಕ್ಷಣೆ ಚಾಲೂ ಇದೆಯೇ?

ಮೊದಲು ವಿಂಡೋಸ್ ನೋಡಿ

ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರ ಕೆಳಗೆ ಅಬೌಟ್ ಒತ್ತಿದರೆ ಯಾವ ವಿಂಡೋಸ್ ಎಂದು ಕಾಣುತ್ತದೆ; ವಿಂಡೋಸ್ 7ರಲ್ಲಿ ಈ ಪುಟ ಇರುವುದಿಲ್ಲ. ವಿಂಡೋಸ್ 7 ಇದ್ದರೆ ಅದಕ್ಕೆ 2020ರ ಜನವರಿಯಿಂದಲೇ ಬೆಂಬಲ ಇಲ್ಲ. ಆ ಯಂತ್ರದಲ್ಲಿ ಬ್ಯಾಂಕ್ ಕೆಲಸ ಬೇಡವೇ ಬೇಡ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರಿಗೆ ಮೈಕ್ರೋಸಾಫ್ಟ್ ಮುಂದಿನ 1 ವರ್ಷಕ್ಕೆ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಘೋಷಿಸಿತು. ಅದಕ್ಕೆ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ನೀವೇ ಹೆಸರು ನೋಂದಾಯಿಸಬೇಕು. ವಿಂಡೋಸ್ 10ರಲ್ಲಿ ವೈರಸ್ ಪಟ್ಟಿ ಇನ್ನೂ ಅಪ್‌ಡೇಟ್ ಆಗುತ್ತಿರುವುದನ್ನು ನೋಡಿ ಎಲ್ಲ ಸರಿಯಿದೆ ಅಂದುಕೊಳ್ಳುವವರಿದ್ದಾರೆ. ವೈರಸ್ ಪಟ್ಟಿ ಬೇರೆ, ವಿಂಡೋಸ್‌ನ ಒಳಗಿನ ದೋಷಗಳನ್ನು ಮುಚ್ಚುವ ಅಪ್‌ಡೇಟ್ ಬೇರೆ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನು ಫೈಲುಗಳಿಗೆ ಬೀಗ ಹಾಕಿ ರೊಕ್ಕ ಕೇಳುತ್ತಿದ್ದ 2017ರ ವನ್ನಾಕ್ರೈ ವೈರಸ್ ತೋರಿಸಿತು. ಅದು ಹರಡಿದ್ದು ಮೇ ತಿಂಗಳಲ್ಲಿ. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪರಿಹಾರ ಕೊಟ್ಟಿತ್ತು. ಅಪ್‌ಡೇಟ್ ಹಾಕಿಕೊಂಡಿದ್ದ ಯಂತ್ರಗಳಿಗೆ ಅದು ಆ ದಾರಿಯಿಂದ ನುಗ್ಗಲು ಆಗಲಿಲ್ಲ.

ಫೋನಿನ ಹಾಟ್‌ಸ್ಪಾಟ್‌ನಿಂದಲೇ ನೆಟ್ ಬಳಸುವ ಮನೆಗಳಲ್ಲಿ ಅಪ್‌ಡೇಟ್ ಸದ್ದಿಲ್ಲದೆ ನಿಂತಿರುತ್ತದೆ. ಡೇಟಾ ಉಳಿಸಲು ಯಾರೋ 'ಮೀಟರ್ಡ್ ಕನೆಕ್ಷನ್' ಚಾಲೂ ಮಾಡಿರುತ್ತಾರೆ. ಆಗ ವಿಂಡೋಸ್ ಹೆಚ್ಚಿನ ಅಪ್‌ಡೇಟ್‌ಗಳನ್ನು ತಾನಾಗಿ ಇಳಿಸುವುದಿಲ್ಲ. ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ, ಮೀಟರ್ಡ್ ಕನೆಕ್ಷನ್ ಇದ್ದರೂ ಅಪ್‌ಡೇಟ್ ಇಳಿಸಿ ಎಂಬ ಸ್ವಿಚ್ ಇದೆ. ದಿನದ ಡೇಟಾ ಉಳಿದಿರುವ ರಾತ್ರಿ ಅದನ್ನು ಹಾಕಿ, ಅಪ್‌ಡೇಟ್ ಮುಗಿಸಿ, ಬೇಕಿದ್ದರೆ ಮತ್ತೆ ತೆಗೆಯಿರಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ವಿಂಡೋಸ್ ಮತ್ತೆ ಏಳದೇ ಹೋಗಬಹುದು.

ಹೈದರಾಬಾದ್ ಕಡೆಯಿಂದ, ಸಿಕಂದರಾಬಾದಿನ ಸಿಟಿಸಿಯಂಥ ಮಾರುಕಟ್ಟೆಯಿಂದ ಸೆಕೆಂಡ್‌ಹ್ಯಾಂಡ್ ಯಂತ್ರ ತಂದಿದ್ದರೆ ಸೆಟ್ಟಿಂಗ್ಸ್‌ನೊಳಗಿನ ಆ್ಯಕ್ಟಿವೇಶನ್ ಪುಟವನ್ನೂ, ಡೌನ್‌ಲೋಡ್ಸ್ ಫೋಲ್ಡರನ್ನೂ ನೋಡಿ. ನಕಲಿ ವಿಂಡೋಸ್ ಹಾಕಿಕೊಟ್ಟವರು 'ಆ್ಯಕ್ಟಿವೇಟರ್' ಎಂಬ ಪ್ರೋಗ್ರಾಂ ಓಡಿಸಿರುತ್ತಾರೆ. ಅದನ್ನು ಓಡಿಸಲು ಆ್ಯಂಟಿವೈರಸ್ ಬಂದ್ ಮಾಡಿ ಎಂದೇ ಮೊದಲ ಸೂಚನೆ ಇರುತ್ತದೆ, ಎಷ್ಟೋ ಸಲ ಆಮೇಲೆ ಯಾರೂ ಚಾಲೂ ಮಾಡಿರುವುದಿಲ್ಲ. ಇಂಥ ಯಂತ್ರವಾದರೆ ಅಸಲಿ ವಿಂಡೋಸ್ ಹೊಸದಾಗಿ ಹಾಕಿಸುವುದೇ ಸರಿ. ಅದರ ಮೇಲೆ ಎಷ್ಟು ದುಬಾರಿ ಆ್ಯಂಟಿವೈರಸ್ ಹಾಕಿದರೂ ನಂಬಿಕೆ ಬಾರದು.

ಒಳಗಿರುವ ಡಿಫೆಂಡರ್

ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬ ಆ್ಯಂಟಿವೈರಸ್ ಉಚಿತವಾಗಿಯೇ ಬರುತ್ತದೆ. ಸ್ಟಾರ್ಟ್ ಒತ್ತಿ 'ವಿಂಡೋಸ್ ಸೆಕ್ಯುರಿಟಿ' ಎಂದು ಹುಡುಕಿ, ತೆರೆದು, ಈ ಕ್ರಮದಲ್ಲಿ ನೋಡಿ:

1. ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗೆ ಮ್ಯಾನೇಜ್ ಸೆಟ್ಟಿಂಗ್ಸ್. ರಿಯಲ್-ಟೈಮ್, ಕ್ಲೌಡ್-ಡೆಲಿವರ್ಡ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್ ಇರಬೇಕು. ಟ್ಯಾಂಪರ್ ಎಂಬುದು ಡಿಫೆಂಡರನ್ನೇ ಬಂದ್ ಮಾಡಲು ಬರುವ ವೈರಸ್ಸನ್ನು ತಡೆಯುವ ಬೀಗ.

2. ಅದೇ ಪುಟದ ಕೆಳಗೆ ಎಕ್ಸ್‌ಕ್ಲೂಷನ್ಸ್ ಇದೆ. ಇಲ್ಲಿರುವ ಫೋಲ್ಡರ್‌ಗಳನ್ನು ಡಿಫೆಂಡರ್ ಪರೀಕ್ಷಿಸುವುದೇ ಇಲ್ಲ. ನೀವು ಸೇರಿಸದ ಹೆಸರು, ಅದರಲ್ಲೂ ಇಡೀ ಸಿ ಡ್ರೈವ್ ಅಲ್ಲಿದ್ದರೆ, ತೆಗೆದುಹಾಕಿ.

3. ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್ ಒಳಗೆ, ಬೇಡದ ಆ್ಯಪ್‌ಗಳನ್ನು ತಡೆಯುವ ಸ್ವಿಚ್ ಆನ್ ಮಾಡಿ.

4. ಫುಲ್ ಸ್ಕ್ಯಾನ್ ಒಮ್ಮೆ ಮಾಡಿ. ಹಳೆಯ ಹಾರ್ಡ್‌ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಏಪ್ರಿಲ್-ಮೇ ಮಧ್ಯಾಹ್ನ 40 ಡಿಗ್ರಿ ದಾಟುವ ನಮ್ಮ ಕಡೆ ಅದನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ. ಫ್ಯಾನಿಗೆ ಧೂಳು ಕಟ್ಟಿದ ಯಂತ್ರ ಸ್ಕ್ಯಾನ್ ನಡುವೆ ಬಿಸಿಯಾಗಿ ತಾನೇ ಬಂದ್ ಆಗುವುದುಂಟು. ಜನ ಅದನ್ನೂ ವೈರಸ್ ಅಂದುಕೊಳ್ಳುತ್ತಾರೆ.

ತೆಗೆದರೂ ಮತ್ತೆ ಮತ್ತೆ ಬರುವ ವೈರಸ್ಸಿಗೆ ಆಫ್‌ಲೈನ್ ಸ್ಕ್ಯಾನ್ ಇದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಸುಮಾರು 15 ನಿಮಿಷ ಪರೀಕ್ಷೆ ನಡೆಯುತ್ತದೆ. ವೈರಸ್ ಓಡುತ್ತಿಲ್ಲದ ಹೊತ್ತಿನಲ್ಲಿ ಹಿಡಿಯುವುದರಿಂದ ಇದು ಹೆಚ್ಚು ಫಲ ಕೊಡುತ್ತದೆ.

ರೊಕ್ಕ ಕೊಟ್ಟು ಕೊಳ್ಳುವುದಾದರೆ

ಮೇಲಿನದೆಲ್ಲ ಸರಿಯಿದ್ದು, ಮನೆಯಲ್ಲಿ ಎಚ್ಚರದಿಂದ ಬಳಸುವವರಿದ್ದರೆ ಡಿಫೆಂಡರ್ ಸಾಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಮಕ್ಕಳ ಬಳಕೆಗೆ ಕಡಿವಾಣ ಬೇಕು, 3-4 ಸಾಧನಗಳಿಗೆ ಒಂದೇ ಲೈಸೆನ್ಸ್ ಬೇಕು, ತೊಂದರೆಯಾದರೆ ಫೋನ್ ಮಾಡಿ ಕೇಳಲು ಯಾರಾದರೂ ಬೇಕು ಎನ್ನುವವರು ಕೊಳ್ಳಬಹುದು. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದವೇ, ಹೊರಗಿನವೂ ಹಲವಿವೆ.

ಅಂಗಡಿಯವರ ಮಾತಿಗಿಂತ ಪರೀಕ್ಷಾ ಸಂಸ್ಥೆಗಳ ವರದಿ ನೋಡಿ. ಜರ್ಮನಿಯ ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆ ಎಂಬ ಮೂರು ವಿಭಾಗಕ್ಕೆ ತಲಾ 6ರಂತೆ ಒಟ್ಟು 18 ಅಂಕ ಕೊಡುತ್ತದೆ. ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಕೂಡ ಇಂಥದ್ದೇ ವರದಿ ಪ್ರಕಟಿಸುತ್ತದೆ. ಎರಡೂ ಉಚಿತವಾಗಿ ಓದಲು ಸಿಗುತ್ತವೆ. ಒಂದೇ ತಿಂಗಳ ಅಂಕ ನಂಬದೆ ಹಿಂದಿನ ಕೆಲವು ವರದಿಗಳನ್ನು ಜೋಡಿಸಿ ನೋಡಿ. 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್‌ಡಿಸ್ಕ್ ಇರುವವರು ವೇಗದ ಅಂಕವನ್ನೇ ಮೊದಲು ನೋಡಬೇಕು. ಅಂಥ ಯಂತ್ರಕ್ಕಾದರೆ ಆ್ಯಂಟಿವೈರಸ್ಸಿನ ದುಡ್ಡಿಗೆ ಇನ್ನಷ್ಟು ಸೇರಿಸಿ, ಹಾರ್ಡ್‌ಡಿಸ್ಕ್ ಬದಲಿಗೆ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸುವುದು ಹೆಚ್ಚು ಉಪಯೋಗ.

ಒಂದೇ ಯಂತ್ರದಲ್ಲಿ ಎರಡು ಆ್ಯಂಟಿವೈರಸ್ ಬೇಡ. ಎರಡೂ ಒಂದೇ ಫೈಲನ್ನು ಒಟ್ಟಿಗೆ ಪರೀಕ್ಷಿಸಲು ಹೋಗಿ ಯಂತ್ರ ಸಿಕ್ಕಿಹಾಕಿಕೊಳ್ಳುತ್ತದೆ. ಹೊಸದನ್ನು ಹಾಕಿದಾಗ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ; ಮತ್ತೊಂದು ಕಂಪನಿಯದಿದ್ದರೆ ನೀವೇ ತೆಗೆದು, ರೀಸ್ಟಾರ್ಟ್ ಮಾಡಿ, ಆಮೇಲೆ ಹಾಕಬೇಕು. ಹೊಸ ಲ್ಯಾಪ್‌ಟಾಪ್‌ನೊಂದಿಗೆ ಬರುವ ಟ್ರಯಲ್ ಆ್ಯಂಟಿವೈರಸ್ ಅವಧಿ ಮುಗಿದ ಮೇಲೂ ಬರೀ 'ರಿನ್ಯೂ ಮಾಡಿ' ಎನ್ನುತ್ತಾ ಕುಳಿತಿರುತ್ತದೆ. ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಡಿಫೆಂಡರ್ ಚಾಲೂ ಆಯಿತೇ ಎಂದು ನೋಡಿಕೊಳ್ಳಿ.

ಕಾರ್ಡಿನಿಂದ ಆನ್‌ಲೈನ್‌ನಲ್ಲಿ ಕೊಂಡರೆ ಆಟೊ-ರಿನ್ಯೂವಲ್ ತೆಗೆದುಬಿಡಿ. ಮೊದಲ ವರ್ಷದ ರಿಯಾಯಿತಿ ಬೆಲೆ ಎರಡನೇ ವರ್ಷಕ್ಕೆ ಇರುವುದಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕಿನಿಂದ ಸಂದೇಶ ಬರಬೇಕು. ಅದನ್ನು ಓದದೆ ಅಳಿಸಬೇಡಿ.

ಝೆರಾಕ್ಸ್ ಅಂಗಡಿಯ ಪೆನ್‌ಡ್ರೈವ್

ಅರ್ಜಿ ಪ್ರಿಂಟ್ ಹಾಕಿಸಲು ಪೆನ್‌ಡ್ರೈವ್ ಒಯ್ಯುತ್ತೀರಿ. ಆ ಅಂಗಡಿಯ ಕಂಪ್ಯೂಟರಿಗೆ ದಿನವಿಡೀ ಹತ್ತಾರು ಪೆನ್‌ಡ್ರೈವ್ ಬೀಳುತ್ತವೆ. ಮನೆಗೆ ಬಂದು ನೋಡಿದರೆ ನಿಮ್ಮ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ, ಅಥವಾ ಪೆನ್‌ಡ್ರೈವ್‌ನದೇ ಹೆಸರಿನ ಒಂದು ಶಾರ್ಟ್‌ಕಟ್ ಮಾತ್ರ ಇರುತ್ತದೆ. ವಿಂಡೋಸ್ 7ರಿಂದೀಚೆಗೆ ಪೆನ್‌ಡ್ರೈವ್‌ನ ಪ್ರೋಗ್ರಾಂ ತಾನಾಗಿ ಓಡುವುದಿಲ್ಲ. ಆದ್ದರಿಂದಲೇ ವೈರಸ್ ನಿಮ್ಮ ಫೈಲುಗಳನ್ನು ಅಡಗಿಸಿ, ಅವುಗಳ ಹೆಸರಿನ ಶಾರ್ಟ್‌ಕಟ್ ಇಟ್ಟು, ನೀವೇ ಒತ್ತುವಂತೆ ಮಾಡುತ್ತದೆ. ಒತ್ತಿದ ಕೂಡಲೇ ಫೋಲ್ಡರೂ ತೆರೆಯುತ್ತದೆ, ವೈರಸ್ಸೂ ಓಡುತ್ತದೆ.

ಹಾಗೆ ಕಂಡರೆ ಏನನ್ನೂ ಒತ್ತಬೇಡಿ. ಪೆನ್‌ಡ್ರೈವ್ ತೆಗೆದು, ಮೊದಲು ಕಂಪ್ಯೂಟರನ್ನು ಸ್ಕ್ಯಾನ್ ಮಾಡಿ. ಕಂಪ್ಯೂಟರಿನಲ್ಲೇ ವೈರಸ್ ಇದ್ದರೆ ಪೆನ್‌ಡ್ರೈವ್ ಎಷ್ಟು ಸಲ ತೊಳೆದರೂ ಮತ್ತೆ ಬರೆಯುತ್ತದೆ. ನಂತರ ಪೆನ್‌ಡ್ರೈವ್ ಹಾಕಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿ. ಆಮೇಲೆ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ 'ಹಿಡನ್ ಐಟಮ್ಸ್' ಆರಿಸಿ. ಆಗಲೂ ಕಾಣದಿದ್ದರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ, ಸಿಸ್ಟಮ್ ಫೈಲುಗಳನ್ನು ಅಡಗಿಸುವ ಸಾಲಿನ ಟಿಕ್ ತೆಗೆಯಿರಿ. ಮಸುಕಾದ, ಕೆಲವೊಮ್ಮೆ ಹೆಸರೇ ಇಲ್ಲದ ಒಂದು ಫೋಲ್ಡರ್ ಕಾಣುತ್ತದೆ. ನಿಮ್ಮ ಫೈಲುಗಳು ಸಾಮಾನ್ಯವಾಗಿ ಅದರಲ್ಲೇ ಇರುತ್ತವೆ. ಬೇಕಾದ ಪಿಡಿಎಫ್, ಫೋಟೊಗಳನ್ನಷ್ಟೇ ಹೊರಗೆ ಕಾಪಿ ಮಾಡಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ತೆಗೆದ ಟಿಕ್ ಮರಳಿ ಹಾಕಿ, ಇಲ್ಲದಿದ್ದರೆ ನಾಳೆ ಮನೆಯ ಮಕ್ಕಳು ವಿಂಡೋಸ್‌ಗೆ ಬೇಕಾದ ಫೈಲನ್ನೇ ಅಳಿಸಿಬಿಟ್ಟಾರು.

ವ್ಯೂ ಮೆನುವಿನಲ್ಲೇ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬುದನ್ನು ಶಾಶ್ವತವಾಗಿ ಚಾಲೂ ಇಡಿ. ಹೆಸರಿನ ನಡುವೆ ಪಿಡಿಎಫ್ ಎಂದಿದ್ದು ಕೊನೆಗೆ ಇಎಕ್ಸ್‌ಇ ಎಂದಿದ್ದರೆ ಅದು ಹಾಲ್‌ಟಿಕೆಟ್ ಅಲ್ಲ, ಪ್ರೋಗ್ರಾಂ.

ಪ್ರಿಂಟ್‌ಗೆಂದೇ ಒಂದು ಚಿಕ್ಕ ಪೆನ್‌ಡ್ರೈವ್ ಬೇರೆ ಇಟ್ಟು, ಅದರಲ್ಲಿ ಅವತ್ತಿನ ಫೈಲ್ ಮಾತ್ರ ಒಯ್ಯಿರಿ. ಮೂಲ ಪ್ರಮಾಣಪತ್ರಗಳ ಸ್ಕ್ಯಾನ್ ಇರುವ ಪೆನ್‌ಡ್ರೈವ್ ಮನೆ ಬಿಟ್ಟು ಹೊರಗೆ ಹೋಗಬಾರದು.

ಎಲ್ಲಿಂದ ಇಳಿಸುತ್ತೀರಿ

ಕನ್ನಡ ಟೈಪಿಂಗ್‌ಗೆ ನುಡಿ ಬೇಕೆಂದು ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕ ಸೈಟಿನಿಂದ ಇಳಿಸುತ್ತಾರೆ. ಕನ್ನಡ ಗಣಕ ಪರಿಷತ್ತಿನ ಸೈಟಿನಿಂದಲೇ ಇಳಿಸಿ. ಯೂನಿಕೋಡ್‌ನಲ್ಲಿ ಮಾತ್ರ ಬರೆಯುವವರಿಗೆ ವಿಂಡೋಸ್‌ನ ಲ್ಯಾಂಗ್ವೇಜ್ ಸೆಟ್ಟಿಂಗ್‌ನಲ್ಲಿ ಕನ್ನಡ ಕೀಬೋರ್ಡ್ ಇದ್ದೇ ಇದೆ, ಹೊರಗಿನದು ಏನೂ ಬೇಡ. ಕ್ರ್ಯಾಕ್ ಮಾಡಿದ ಫೋಟೊಶಾಪ್, ಟ್ಯಾಲಿ, ಗೇಮ್‌ಗಳನ್ನು ಪೂರ್ತಿ ಬಿಟ್ಟುಬಿಡಿ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂಗಳು ಹೆಚ್ಚಾಗಿ ಇವುಗಳ ಜೊತೆಗೇ ಬರುತ್ತವೆ.

ಮೂಲೆಯ ಎಚ್ಚರಿಕೆ

'ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್' ಎಂದು ಪರದೆಯ ಬಲ ಮೂಲೆಯಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ ಅದು ಬಹುತೇಕ ವೈರಸ್ ಅಲ್ಲ, ಜಾಹೀರಾತು. ಸಿನಿಮಾ ನೋಡುವ ಯಾವುದೋ ಸೈಟಿನಲ್ಲಿ 'ಅಲೌ' ಒತ್ತಿದ್ದರ ಫಲ. ಕ್ರೋಮ್‌ನ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಎಂದು ಹೋಗಿ ಅನುಮತಿ ಪಡೆದ ಅಪರಿಚಿತ ಸೈಟ್‌ಗಳನ್ನೆಲ್ಲ ತೆಗೆಯಿರಿ. ಸಂದೇಶ ಅಲ್ಲಿಗೆ ನಿಲ್ಲುತ್ತದೆ.

ಪರದೆ ತುಂಬ ಎಚ್ಚರಿಕೆ ಬಂದು, ಕೂಗು ಹೊಡೆದು, ಈ ನಂಬರಿಗೆ ಫೋನ್ ಮಾಡಿ ಎಂದರೆ ಮಾಡಬೇಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ಮರಳಿ ತರಲೇ ಎಂದು ಕೇಳಿದರೆ ಬೇಡ ಎನ್ನಿ. ಫೋನಿನಲ್ಲಿ ಮಾತಾಡಿದ ಅಪರಿಚಿತರು ದೂರದಿಂದಲೇ ಕಂಪ್ಯೂಟರ್ ನಡೆಸುವ ಎನಿಡೆಸ್ಕ್‌ನಂಥ ಪ್ರೋಗ್ರಾಂ ಹಾಕಿಸಿದರೆ ನಿಮ್ಮ ಮೌಸ್ ಅವರ ಕೈಗೆ ಕೊಟ್ಟಂತೆಯೇ.

ಪ್ರತಿ ಇಟ್ಟುಕೊಳ್ಳುವುದು

ಫೈಲುಗಳಿಗೆ ಬೀಗ ಹಾಕಿ ರೊಕ್ಕ ಕೇಳುವ ರ‍್ಯಾನ್ಸಮ್‌ವೇರ್ ಬಂದ ಮೇಲೆ ಆ್ಯಂಟಿವೈರಸ್ ವೈರಸ್ಸನ್ನು ತೆಗೆದೀತು, ಬೀಗ ತೆಗೆಯದು. ಆಗ ಕೈಹಿಡಿಯುವುದು ಬೇರೆ ಕಡೆ ಇಟ್ಟ ಪ್ರತಿ ಮಾತ್ರ. 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ತಿಂಗಳಿಗೊಮ್ಮೆ ಕಾಪಿ ಮಾಡಿ, ಮುಗಿದ ಕೂಡಲೇ ತೆಗೆದಿಡಿ. ಸದಾ ಚುಚ್ಚಿಟ್ಟ ಡಿಸ್ಕಿಗೂ ಬೀಗ ಬೀಳುತ್ತದೆ. ಪಹಣಿ, ಅಂಕಪಟ್ಟಿಯಂಥ ಚಿಕ್ಕ ಫೈಲುಗಳ ಇನ್ನೊಂದು ಪ್ರತಿ ಡಿಜಿಲಾಕರ್‌ನಲ್ಲೋ ಗೂಗಲ್ ಡ್ರೈವ್‌ನಲ್ಲೋ ಇರಲಿ.

ದಿನದ ಬಳಕೆಗೆ ಅಡ್ಮಿನಿಸ್ಟ್ರೇಟರ್ ಅಲ್ಲದ ಒಂದು ಸ್ಟ್ಯಾಂಡರ್ಡ್ ಅಕೌಂಟ್ ಮಾಡಿಕೊಳ್ಳಿ. ಹೊಸ ಪ್ರೋಗ್ರಾಂ ವಿಂಡೋಸ್‌ನೊಳಗೆ ಕೈಹಾಕುವ ಮೊದಲು ಪಾಸ್‌ವರ್ಡ್ ಕೇಳುತ್ತದೆ. ಕೇಳಬಾರದ ಹೊತ್ತಿನಲ್ಲಿ ಕೇಳಿದರೆ ಅಲ್ಲೇ ನಿಲ್ಲಿಸಿ.

ಸೋಂಕು ತಗುಲಿದೆ ಎನಿಸಿದರೆ

ವೈಫೈ ಬಂದ್ ಮಾಡಿ, ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಕೇಂದ್ರ ಸರ್ಕಾರದ ಕಂಪ್ಯೂಟರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ಸೈಟಿನಲ್ಲಿ ಉಚಿತ ಶುದ್ಧೀಕರಣ ಸಾಧನಗಳಿವೆ. ಪಾಸ್‌ವರ್ಡ್‌ಗಳನ್ನು ಬದಲಿಸುವುದು ಇನ್ನೊಂದು ಶುದ್ಧ ಫೋನಿನಿಂದ: ಮೊದಲು ಇಮೇಲ್, ನಂತರ ಬ್ಯಾಂಕ್. ಸೋಂಕಿನ ಯಂತ್ರದಲ್ಲೇ ಬದಲಿಸಿದರೆ ಹೊಸ ಪಾಸ್‌ವರ್ಡೂ ಕಳ್ಳರಿಗೆ ಹೋಗುತ್ತದೆ. ಖಾತೆಯಿಂದ ರೊಕ್ಕ ಹೋಗಿದ್ದರೆ ಕಂಪ್ಯೂಟರ್ ಹಾಗೇ ಬಿಟ್ಟು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ವ್ಯವಹಾರದ ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿರಲಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲೇ ದೂರು ಮುಟ್ಟಿದರೆ ಅದನ್ನು ತಡೆಹಿಡಿಯಲು ಸಾಧ್ಯ. ಯಂತ್ರವನ್ನು ಫಾರ್ಮ್ಯಾಟ್ ಮಾಡಿಸುವುದು ದೂರು ದಾಖಲಾದ ಮೇಲೆ, ಅಲ್ಲಿಯವರೆಗೆ ಅದರಲ್ಲಿರುವುದೆಲ್ಲ ಸಾಕ್ಷ್ಯ.