ಕೋಳಿ ಕರುಳಿಗೂ ಒಂದಿಷ್ಟು ಊಟ: ಫೀಡ್‌ಗೆ ಪ್ರೀಬಯಾಟಿಕ್ ಬೆರೆಸುವ ಬಗೆ

ನಾಟಿ ಕೋಳಿಯ ಮರಿ ಹುಟ್ಟಿದ ಮರುದಿನದಿಂದಲೇ ತಾಯಿಯ ಹಿಂದೆ ತಿಪ್ಪೆ ಕೆದಕುತ್ತದೆ, ತಾಯಿಯ ಹಿಕ್ಕೆಯನ್ನೂ ಕುಕ್ಕುತ್ತದೆ. ನೋಡಲು ಅಸಹ್ಯವಾದರೂ ಕರುಳಿಗೆ ಬೇಕಾದ ಒಳ್ಳೆಯ ಬ್ಯಾಕ್ಟೀರಿಯಾ ಅದಕ್ಕೆ ದಕ್ಕುವುದು ಹೀಗೆ. ಹ್ಯಾಚರಿಯಿಂದ ಪೆಟ್ಟಿಗೆಯಲ್ಲಿ ಶೆಡ್‌ಗೆ ಬರುವ ಬ್ರಾಯ್ಲರ್ ಮರಿಯಾದರೋ ತಾಯಿಯ ಮುಖವನ್ನೇ ಕಂಡಿರುವುದಿಲ್ಲ. ಅದರ ಕರುಳು ಹೆಚ್ಚುಕಡಿಮೆ ಖಾಲಿ ಸೈಟು. ಮೊದಲು ಬಂದವರು ಬೇಲಿ ಹಾಕಿಕೊಳ್ಳುತ್ತಾರೆ. ಒಳ್ಳೆಯವರೇ ಮೊದಲು ನೆಲೆಯೂರಲಿ ಎನ್ನುವವರು ಪ್ರೀಬಯಾಟಿಕ್ ಅನ್ನು, ಅಂದರೆ ಆ ಒಳ್ಳೆಯ ಬ್ಯಾಕ್ಟೀರಿಯಾಗಳ ಊಟವನ್ನು, ಮೊದಲ ದಿನದ ಆಹಾರದಿಂದಲೇ ಕೊಡಬೇಕು. ಇಪ್ಪತ್ತನೇ ದಿನ ನೆನಪಾಗಿ ಶುರುಮಾಡಿದರೆ ಅರ್ಧ ಲಾಭ ಕೈಬಿಟ್ಟಂತೆ.

ಹಿಂದೆ ಕರುಳಿನ ಕೆಟ್ಟ ಬ್ಯಾಕ್ಟೀರಿಯಾವನ್ನು ಹತ್ತಿಕ್ಕಲು ಆಹಾರದಲ್ಲೇ ಸಣ್ಣ ಪ್ರಮಾಣದ ಆ್ಯಂಟಿಬಯಾಟಿಕ್ ಬೆರೆಸುವ ರೂಢಿಯಿತ್ತು. ಬೆಳವಣಿಗೆಗೆಂದು ಹಾಗೆ ಬಳಸುವುದನ್ನು ಯುರೋಪ್ ಒಕ್ಕೂಟ 2006ರಿಂದ ನಿಲ್ಲಿಸಿತು. ಭಾರತ 2019ರಲ್ಲಿ ಕೋಳಿ, ಜಾನುವಾರುಗಳಿಗೆ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಬಳಸುವುದನ್ನು ನಿಷೇಧಿಸಿತು. ಆ ಜಾಗಕ್ಕೆ ಬಂದವುಗಳಲ್ಲಿ ಪ್ರೀಬಯಾಟಿಕ್ ಒಂದು. ಇದು ಔಷಧವಲ್ಲ. ಜೀವಂತ ಬ್ಯಾಕ್ಟೀರಿಯಾವೂ ಅಲ್ಲ, ಅದು ಪ್ರೋಬಯಾಟಿಕ್. ಕೋಳಿಗೆ ಜೀರ್ಣವಾಗದ ಒಂದು ಬಗೆಯ ಸಕ್ಕರೆ ಎನ್ನಬಹುದು. ಕರುಳಿನ ಕೊನೆಯಲ್ಲಿರುವ ಸೀಕಂ ಎಂಬ ಎರಡು ಕುರುಡು ಚೀಲಗಳಲ್ಲಿ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಹುಳಿ ಮಾಡುತ್ತವೆ. ಆ ಹುಳಿ ಕರುಳಿನ ಒಳಪದರಕ್ಕೆ ಆಹಾರವಾಗುತ್ತದೆ, ಸಾಲ್ಮೊನೆಲ್ಲಾದಂಥ ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಒಗ್ಗುವುದಿಲ್ಲ.

ಕೊಳ್ಳುವಾಗ ಚೀಟಿಯಲ್ಲಿ ಎರಡು ಬಗೆಯ ಹೆಸರು ಹುಡುಕಿ. ಎಂಒಎಸ್ ಎಂದರೆ ಯೀಸ್ಟ್ ಕೋಶದ ಹೊರಗೋಡೆಯ ಪುಡಿ. ಇದರ ಕೆಲಸವೇ ಬೇರೆ: ಇ.ಕೋಲಿ, ಸಾಲ್ಮೊನೆಲ್ಲಾ ಕರುಳಿನ ಗೋಡೆಗೆ ಅಂಟಿಕೊಳ್ಳುವ ಬದಲು ಈ ಪುಡಿಗೆ ಅಂಟಿ, ಹಿಕ್ಕೆಯ ಜೊತೆ ಹೊರಬೀಳುತ್ತವೆ. ಎಫ್‌ಒಎಸ್, ಇನುಲಿನ್ ಮೇಲೆ ಹೇಳಿದ, ಹುದುಗಿ ಹುಳಿಯಾಗುವ ಸಕ್ಕರೆಗಳು, ಚಿಕೋರಿ ಬೇರಿನಂಥವುಗಳಿಂದ ಬರುತ್ತವೆ. ಹೌದು, ನಮ್ಮ ಕಾಫಿ ಪುಡಿಯಲ್ಲಿರುವ ಅದೇ ಚಿಕೋರಿ. ಎಂಒಎಸ್ ಸಾಮಾನ್ಯವಾಗಿ ಒಂದು ಟನ್ ಆಹಾರಕ್ಕೆ ಅರ್ಧದಿಂದ 2 ಕಿಲೋ. ಚೀಟಿಯಲ್ಲಿ ಹೇಳಿದ್ದನ್ನು ಮೀರಬೇಡಿ. ಎಫ್‌ಒಎಸ್ ಹೆಚ್ಚಾದರೆ ಹಿಕ್ಕೆ ನೀರಾಗಿ ಹಾಸು ಒದ್ದೆಯಾಗುತ್ತದೆ, ಆಮೇಲೆ ಅಮೋನಿಯಾ ವಾಸನೆಗೆ ನಿಮ್ಮ ಕಣ್ಣೇ ಉರಿಯುತ್ತದೆ.

ಸೋಲುವುದು ಹೆಚ್ಚಾಗಿ ಬೆರೆಸುವಲ್ಲಿ. ನಾನು ಮೊದಲ ಸಲ ಒಂದು ಕಿಲೋ ಪೊಟ್ಟಣವನ್ನು ನೇರವಾಗಿ ಮಿಕ್ಸರ್‌ಗೆ ಸುರಿದಿದ್ದೆ. ಮರುದಿನ ತೊಳೆಯುವಾಗ ಮೂಲೆಯಲ್ಲಿ ಕಂದು ಪುಡಿ ಹೆಪ್ಪುಗಟ್ಟಿ ಕುಳಿತಿತ್ತು! ಹಾಗಾಗಿ ಹೀಗೆ ಮಾಡಿ. ಒಂದು ಕಿಲೋ ಪ್ರೀಬಯಾಟಿಕ್‌ಗೆ ಒಂದು ಕಿಲೋ ಮೆಕ್ಕೆಜೋಳದ ನುಚ್ಚು ಸೇರಿಸಿ ಟಬ್ಬಿನಲ್ಲಿ ಕೈಯಿಂದ ಬೆರೆಸಿ. ಆ ಎರಡಕ್ಕೆ ಇನ್ನೆರಡು, ಆ ನಾಲ್ಕಕ್ಕೆ ಇನ್ನು ನಾಲ್ಕು, ಹೀಗೆ 32 ಕಿಲೋ ಆಗುವವರೆಗೆ. ಆ ಮಿಶ್ರಣವನ್ನು ಅರ್ಧ ಆಹಾರ ತುಂಬಿದ ಮಿಕ್ಸರ್‌ಗೆ ಸ್ವಲ್ಪಸ್ವಲ್ಪವಾಗಿ ಬಿಟ್ಟು, ಉಳಿದರ್ಧ ಹಾಕಿ ತಿರುಗಿಸಿ. ಎಣ್ಣೆ ಕೊನೆಗೆ, ಮೊದಲೇ ಹಾಕಿದರೆ ಪುಡಿ ಉಂಡೆಕಟ್ಟುತ್ತದೆ. ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿದಿದ್ದರೆ ಬಿಸಾಡಿ, ಯಾವ ಪುಡಿಯೂ ಅದನ್ನು ಒಳ್ಳೆಯ ಜೋಳ ಮಾಡುವುದಿಲ್ಲ.

ಕಂಪನಿಯ ಒಪ್ಪಂದದಲ್ಲಿ ಸಾಕುವವರಿಗೆ ಈ ಗೋಳಿಲ್ಲ. ಫೀಡ್ ಅವರದು, ಬೆರೆಸುವವರೂ ಅವರೇ. ಸೂಪರ್‌ವೈಸರ್‌ನನ್ನು ಕೇಳದೆ ಮೇಲಿಂದ ಇನ್ನೊಂದು ಪುಡಿ ಉದುರಿಸಬೇಡಿ.

ಲಾಭ ಬಂತೋ ಇಲ್ಲವೋ ಎಂದು ಅಂಗಡಿಯವನನ್ನು ಕೇಳುವುದಕ್ಕಿಂತ ತಕ್ಕಡಿಯನ್ನು ಕೇಳಿ. ಒಂದೇ ಹ್ಯಾಚರಿಯ, ಒಂದೇ ದಿನದ ಮರಿಗಳನ್ನು ಶೆಡ್ಡಿನೊಳಗೆ ಜಾಲರಿ ಕಟ್ಟಿ ಎರಡು ಭಾಗ ಮಾಡಿ. ಒಂದು ಕಡೆ ಪ್ರೀಬಯಾಟಿಕ್ ಇರುವ ಆಹಾರ, ಇನ್ನೊಂದು ಕಡೆ ಇಲ್ಲದ್ದು. ಚೀಲಗಳ ಲೆಕ್ಕ ಬೇರೆಬೇರೆ ಬರೆಯಿರಿ. ವಾರಕ್ಕೊಮ್ಮೆ ಎರಡೂ ಕಡೆ 50 ಮರಿ ತೂಗಿ. ಕೈಗೆ ಸಿಕ್ಕ ದಪ್ಪ ಮರಿಗಳನ್ನೇ ಹಿಡಿಯುವ ಆಸೆ ಬೇಡ. ತಿಂದ ಆಹಾರವನ್ನು ಬಂದ ತೂಕದಿಂದ ಭಾಗಿಸಿದರೆ ಎಫ್‌ಸಿಆರ್. 2.2 ಕಿಲೋ ಕೋಳಿಯಲ್ಲಿ ಅದು 1.70ರಿಂದ 1.65ಕ್ಕೆ ಇಳಿದರೆ ಒಂದಕ್ಕೆ 110 ಗ್ರಾಂ, ಸಾವಿರ ಕೋಳಿಗೆ 110 ಕಿಲೋ ಆಹಾರ ಉಳಿಯುತ್ತದೆ. ಫೀಡ್ ಕಿಲೋಗೆ 40 ರೂಪಾಯಿ ಎಂದಿಟ್ಟುಕೊಂಡರೆ 4,400 ರೂಪಾಯಿ. ಟನ್ನಿಗೆ ಒಂದು ಕಿಲೋದಂತೆ ನೀವು ಹಾಕಿದ ಪುಡಿ ಹತ್ತಿರಹತ್ತಿರ 4 ಕಿಲೋ. ಅದರ ಬೆಲೆ ಕಿಲೋಗೆ 1,100 ರೂಪಾಯಿ ದಾಟಿದ್ದರೆ ಆ ಉಳಿತಾಯ ಅಂಗಡಿಗೇ ಹೋಯಿತು. ಸ್ವಚ್ಛವಾದ, ಹಾಸು ಒಣಗಿರುವ ಶೆಡ್‌ನಲ್ಲಿ ವ್ಯತ್ಯಾಸವೇ ಕಾಣದಿದ್ದರೂ ಬೆರಗಾಗಬೇಡಿ, ಅಲ್ಲಿ ಕರುಳು ಮೊದಲೇ ಚೆನ್ನಾಗಿರುತ್ತದೆ.

ಬೆಳಗ್ಗೆ ಶೆಡ್‌ಗೆ ಹೋದಾಗ ಬಗ್ಗಿ ಹಾಸನ್ನು ನೋಡಿ. ಗಟ್ಟಿಯಾಗಿ, ಮೇಲೆ ಬಿಳಿ ಟೋಪಿ ಇಟ್ಟಂಥ ಹಿಕ್ಕೆ ಸರಿ. ನಡುನಡುವೆ ಕಾಣುವ, ಕಂದು ಬಣ್ಣದ ಅಂಟಂಟಾದ ಹಿಕ್ಕೆ ಸೀಕಂನದು, ಅದೂ ಸರಿಯೇ. ಕಿತ್ತಳೆ ಬಣ್ಣದ ಲೋಳೆ ಅಥವಾ ರಕ್ತ ಕಂಡರೆ ಮಾತ್ರ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಇರಬಹುದು. ಆಗ ಪುಡಿಯ ಪ್ರಮಾಣ ಹೆಚ್ಚಿಸುತ್ತ ಕೂರದೆ ಅಂದೇ ಪಶುವೈದ್ಯರಿಗೆ ಫೋನ್ ಮಾಡಿ.